ಯಾವ ಸಭೆಗೆ ಹೋಗಬೇಕು?

೧೯೩೫ರ ಮೇ ತಿಂಗಳು. ನ್ಯೂಯಾರ್ಕಿನಿಂದ ವ್ಯವಹಾರಕ್ಕೆಂದು ಆಕ್ರನ್ ನಗರಕ್ಕೆ ಬಂದು, ಅದರಲ್ಲಿ ಸೋತು ಕೈಬರಿದಾದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನು ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿದ್ದನು. ಒಂದು ಕಡೆ ಪಾನಗೃಹ. ಅಲ್ಲಿಂದ ನಗೆ, ಮಾತುಗಳ ಸದ್ದು. ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಆತನು ಮದ್ಯವನ್ನು ಬಿಟ್ಟು ಆಗ ಐದು ತಿಂಗಳಷ್ಟೇ ಆಗಿದ್ದಿತು. ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಆ ರಾತ್ರಿ ಮತ್ತೆ ಕುಡಿಯುವೆನೆಂಬ ಭೀತಿ ಆತನನ್ನು ಆವರಿಸಿತು. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಫೋನು ಮಾಡಿದನು. ಪಾದ್ರಿ ಕೆಲವು ಹೆಸರುಗಳನ್ನು ಕೊಟ್ಟರು. ಒಂದರ ಮೇಲೊಂದು ಕರೆ, ಒಂದೂ ಫಲಿಸಲಿಲ್ಲ. ಕಟ್ಟಕಡೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಕುಡಿತದಿಂದ ಬಳಲುತ್ತಿದ್ದ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್ ಅವರನ್ನು ಮರುದಿನ ತಮ್ಮ ಮನೆಗೆ ಕರೆಸಿದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂಡುವುದಿಲ್ಲವೆಂದು ಕರಾರು ಮಾಡಿಕೊಂಡು ಬಂದ ವೈದ್ಯರು ಎದ್ದು ಹೋದದ್ದು ಆರು ಗಂಟೆಗಳ ತರುವಾಯ. ಬಿಲ್ ಅವರಿಗೆ ಉಪದೇಶ ಮಾಡಲಿಲ್ಲ. ತನ್ನ ಕಥೆಯನ್ನು ಹೇಳಿಕೊಂಡನು. ವೈದ್ಯರು ಆಮೇಲೂ ಒಮ್ಮೆ ಜಾರಿದರು. ಅವರು ಕೊನೆಯ ಬಾರಿ ಕುಡಿದ ದಿನವೆಂದು ಹೇಳುವ ೧೯೩೫ರ ಜೂನ್ ೧೦ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಜನ್ಮದಿನವಾಗಿ ಎಣಿಸುತ್ತಾರೆ.

ಆ ಹಜಾರದ ಅಡ್ಡಾಟ ಇಂದು ಬೆಂಗಳೂರಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ನಡೆಯುತ್ತಿದೆ. ಗೃಹಸ್ಥನೊಬ್ಬನು ನಾಲ್ಕು ದಿನ ಹಿಂದೆಮುಂದೆ ನೋಡಿ ಐದನೆಯ ದಿನ ಒಂದು ಸಭೆಗೆ ಹೋಗುತ್ತಾನೆ. ಚರ್ಚಿನ ಆವರಣ, ಮಡಿಸುವ ಕುರ್ಚಿಗಳು, ಇಂಗ್ಲಿಷಿನಲ್ಲಿ ಮಾತು, ನಡುನಡುವೆ ದೇವರ ಹೆಸರು. ಮನೆಗೆ ಮರಳಿದಾಗ ಹೆಂಡತಿ, "ಹೇಗಿತ್ತೂಂದ್ರೆ?" ಎಂದು ಆಸೆಯಿಂದ ಕೇಳುತ್ತಾಳೆ. "ಅದು ನಮ್ಮಂಥವರಿಗಲ್ಲ ಕಣೇ" ಎಂದು ಅವನು ಅಂಗಿಯನ್ನು ಗೂಟಕ್ಕೆ ತೂಗುಹಾಕುತ್ತಾನೆ. ಒಂದು ಸಭೆ ಹಿಡಿಸದ ಕಾರಣಕ್ಕೆ ಎಲ್ಲ ಸಭೆಗಳೂ ಮುಗಿದುಹೋದವು. ವರನ್ವೇಷಣೆಯಲ್ಲಿ ಹತ್ತು ಮನೆಗಳನ್ನು ನೋಡುವ ಜನ ಇಲ್ಲಿ ಮಾತ್ರ ಒಂದೇ ಮನೆಗೆ ನಿಲ್ಲಿಸಿಬಿಡುವುದು ವಿಚಿತ್ರ!

ಈ ಗುಂಪುಗಳು ಒಂದರಂತೆ ಇನ್ನೊಂದಿರುವುದಿಲ್ಲ. 'ಮುಕ್ತ' ಸಭೆಗೆ ಯಾರಾದರೂ ಹೋಗಿ ಕೂಡಬಹುದು. 'ಸದಸ್ಯರ' ಸಭೆ ಕುಡಿತವನ್ನು ಬಿಡಬೇಕೆನ್ನುವವರಿಗೆ ಮಾತ್ರ. ಸಂಕೋಚವುಳ್ಳವನು ಮುಕ್ತ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬರಲಿ. ಬಾಯಿ ತೆರೆಯಲೇಬೇಕೆಂಬ ನಿರ್ಬಂಧವಿಲ್ಲ. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಚರ್ಚಿನ ಕೋಣೆಯಲ್ಲಿ ಸೇರಿದ ಮಾತ್ರಕ್ಕೆ ಅದು ಚರ್ಚಿನ ಸಭೆಯಲ್ಲ. ದೇವರ ವಿಷಯದಲ್ಲಿಯೂ 'ತಾವು ತಿಳಿದುಕೊಂಡಂಥ ದೇವರು' ಎಂದೇ ಅವರ ಸೂತ್ರ. ಆದರೂ ಆ ಮಾತೇ ಒಗ್ಗದವರು ಉಂಟು. ಅಂಥವರಿಗಾಗಿ ೧೯೯೪ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಸ್ಮಾರ್ಟ್ ರಿಕವರಿ' ದೇವರ ಪ್ರಸ್ತಾಪವಿಲ್ಲದೆ ನಡೆಯುತ್ತದೆ. ಅದರ ಸಭೆಗಳಿಗೆ ಅಂತರ್ಜಾಲದಲ್ಲಿ ಮನೆಯಿಂದಲೇ ಸೇರಬಹುದು. ನಮ್ಮ ನಾಡಿನ ಹಳ್ಳಿ-ಪಟ್ಟಣಗಳವರಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಪರಿಚಿತವೇ. ಶಿಬಿರ ಮುಗಿದ ಮೇಲೆ ಅಲ್ಲಿಂದ ಬಂದವರು ನವಜೀವನ ಸಮಿತಿಗಳಾಗಿ ಕೂಡುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಹೆಚ್ಚು ಬೆಲೆಯುಳ್ಳದ್ದೆಂದರೆ ತಪ್ಪಾಗದು. ಎಂಟು ದಿನ ಬಿಡುವುದು ಬೇರೆ, ಎಂಟನೆಯ ತಿಂಗಳ ಸಂಬಳದ ದಿನವನ್ನು ದಾಟುವುದು ಬೇರೆ.

ಆರಿಸುವಾಗ ಭಾಷೆಗೆ ಮೊದಲ ಸ್ಥಾನ. ಕಚೇರಿಯ ಇಂಗ್ಲಿಷಿನಲ್ಲಿ ಮನುಷ್ಯನು ತನ್ನ ನಾಚಿಕೆಯನ್ನು ಅರ್ಧ ಮುಚ್ಚಿಟ್ಟೇ ಮಾತನಾಡುತ್ತಾನೆ. ತಾಯಿನುಡಿಯಲ್ಲಿ ಅದು ಆಗದು. ಅನಂತರ ವೇಳೆ. ದಿನವೂ ಸಂಜೆ ಏಳಕ್ಕೆ ಕಾಲು ಅಂಗಡಿಯತ್ತ ತಿರುಗುತ್ತಿದ್ದರೆ ಸಂಜೆ ಏಳರ ಸಭೆಯೇ ತಕ್ಕದ್ದು. ನೆರೆಹೊರೆಯವರು ಕಂಡಾರೆಂಬ ಅಂಜಿಕೆಯಿದ್ದರೆ ಮೊದಲು ಬೇರೆ ಬಡಾವಣೆಯ ಸಭೆ ಸಾಕು. ಅಲ್ಲಿಯೂ ಪರಿಚಿತನೇ ಸಿಕ್ಕಿದರೆ? ಸಿಕ್ಕಿದವನೂ ಅದೇ ಕಾರಣಕ್ಕೆ ಬಂದಿರುವನಷ್ಟೆ! ಮಹಿಳೆಯರ ಪಾಡು ಇನ್ನೂ ಕಠಿನ. ಗಂಡಸರೇ ತುಂಬಿದ ಕೋಣೆಯಲ್ಲಿ ಅವರು ಹೇಳಬೇಕಾದುದನ್ನು ಹೇಳಲಾರರು. ಮಹಿಳೆಯರದೇ ಸಭೆ ಎಲ್ಲಿದೆಯೆಂದು ಮೊದಲೇ ವಿಚಾರಿಸುವುದು ಲೇಸು. ಒಂದೇ ಗುಂಪಿಗೆ ಐದಾರು ಬಾರಿ ಹೋಗಿ, ಆಮೇಲೂ ಮನಸ್ಸು ಕೂಡದಿದ್ದರೆ ಇನ್ನೊಂದನ್ನು ಹುಡುಕಬೇಕು. ಇವುಗಳಿಂದ ಪ್ರಯೋಜನವುಂಟೆ ಎಂದು ಸಂಶಯಿಸುವವರಿಗೆ ಒಂದು ಮಾತು: ೨೦೨೦ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಕುಡಿತದಿಂದ ಸಂಪೂರ್ಣ ದೂರವುಳಿಯುವ ವಿಷಯದಲ್ಲಿ ಅನಾನಿಮಸ್ ಸಭೆಗಳತ್ತ ಕ್ರಮವಾಗಿ ಕರೆದೊಯ್ಯುವ ಚಿಕಿತ್ಸೆಯು ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮುಂದಿದೆಯೆಂದು ಕಂಡಿತು.

ಆದರೆ ವರ್ಷಗಟ್ಟಲೆ ದಿನವೂ ಕುಡಿದವನು ಹಠಾತ್ತನೆ ನಿಲ್ಲಿಸಿ ನೇರವಾಗಿ ಸಭೆಗೆ ಹೋಗುವುದು ಕ್ಷೇಮವಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಸೆಳವು, ಚಿತ್ತಭ್ರಮೆ ಬಂದು ಪ್ರಾಣಕ್ಕೇ ಸಂಚಕಾರವಾದೀತು. ಮೊದಲು ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ೧೪೪೪೬ಕ್ಕೆ ಫೋನು ಮಾಡಿ ಕೇಳಬಹುದು. ಅದು ಸರ್ಕಾರದ ಉಚಿತ ಸಹಾಯವಾಣಿ. ಗಂಡನಿಗೆ ತಿಳಿಯದಂತೆ ಕಾಫಿಯಲ್ಲಿ ಗುಳಿಗೆ ಬೆರೆಸಿಕೊಡುವ ಉಪಾಯವನ್ನು ಮಾತ್ರ ಯಾವ ಗೃಹಿಣಿಯೂ ಮಾಡಬಾರದು. ಅದರ ಮೇಲೆ ಆತನು ಕುಡಿದರೆ ಹೃದಯಕ್ಕೇ ಅಪಾಯವಾದೀತು.

ಗೃಹಿಣಿಗೂ ಒಂದು ಸಭೆಯಿದೆ. ಬಿಲ್‌ನ ಪತ್ನಿ ಲೋಯಿಸ್ ೧೯೫೧ರಲ್ಲಿ ಗೆಳತಿಯೊಬ್ಬಳೊಡನೆ ಆರಂಭಿಸಿದ 'ಅಲ್-ಅನಾನ್' ಕುಡಿಯುವವರ ಮನೆಯವರಿಗಾಗಿಯೇ ಇರುವುದು. ಗಂಡನು ಹೋಗಲೊಲ್ಲೆನೆಂದು ಹಠ ಹಿಡಿದರೂ ಆಕೆ ಹೋಗಬಹುದು. ಆತನ ಒಪ್ಪಿಗೆ ಬೇಕಿಲ್ಲ. ಕೆಲವು ಕಡೆ ಎರಡೂ ಸಭೆಗಳು ಒಂದೇ ಕಟ್ಟಡದಲ್ಲಿ, ಒಂದೇ ವೇಳೆಗೆ ಸೇರುವುದುಂಟು. ಅಂಥಲ್ಲಿಗೆ ಹೋಗುವ ದಂಪತಿಗಳಿಗೆ ಒಂದೇ ಆಟೋ ಸಾಕು.