ಬಿಲ್ಟಿ ತೋಟದಿಂದಲೇ ಹೊರಡಲಿ

ದ್ರಾಕ್ಷಿಯ ಸುಗ್ಗಿ ಹತ್ತಿರ ಬಂದಿದೆ. ಜತ್ತ ತಾಲೂಕಿನ ನಮ್ಮ ಹಳ್ಳಿಗಳಲ್ಲಿ ವ್ಯಾಪಾರಿಗಳ ಓಡಾಟ ಇನ್ನು ಹೆಚ್ಚುವುದು. ಈ ಹೊತ್ತಿನಲ್ಲಿ ರೈತ ಬಾಂಧವರ ಮುಂದೆ ಒಂದು ವಿಚಾರವನ್ನು ಇಡಬೇಕೆಂದು ನಮಗೆ ತೋರಿದೆ. ಇದು ಗೊಬ್ಬರದ ಮಾತಲ್ಲ, ರೋಗದ ಮಾತೂ ಅಲ್ಲ. ಮಾಲಿನ ಜೊತೆ ಹೋಗುವ ಚೀಟಿಯ ಮಾತು.

ಹೊರದೇಶಕ್ಕೆ ಹೋಗುವ ದ್ರಾಕ್ಷಿಯನ್ನು ತೋಟದಲ್ಲಿ ಕ್ರೇಟುಗಳಿಗೆ ತುಂಬಿ ಪ್ಯಾಕ್ ಹೌಸಿಗೆ ಒಯ್ಯುತ್ತಾರೆ. ಅಲ್ಲಿ ಪೆಟ್ಟಿಗೆಗೆ ತುಂಬಿ, ತಂಪು ಮಾಡಿ, ಶೀತಲ ಕಂಟೇನರಿನಲ್ಲಿಟ್ಟು ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿಗೆ ಸಾಗಿಸುತ್ತಾರೆ. ಲಾರಿಯೊಡನೆ ಹೋಗುವ ಚೀಟಿಗೆ ಬಿಲ್ಟಿ ಎನ್ನುವುದು ರೂಢಿ. ಕಳಿಸಿದವರು ಯಾರು, ಯಾರಿಗೆ, ಎಷ್ಟು ತೂಕ ಎಂಬುದು ಅದರಲ್ಲಿ ಇರುತ್ತದೆ. ಈಗ ಹಲವು ಸಾಗಣೆದಾರರು ಇದನ್ನು ಕಾಗದ ಬಿಟ್ಟು ಮೊಬೈಲಿನಲ್ಲಿ ಬರೆಯತೊಡಗಿದ್ದಾರೆ. ಕಂಟೇನರಿನ ನಂಬರು, ಸೀಲಿನ ನಂಬರು, ತುಂಬಿದ ವೇಳೆ, ಮುಟ್ಟಿದ ವೇಳೆ ಎಲ್ಲವನ್ನೂ ಅದರಲ್ಲಿ ದಾಖಲು ಮಾಡಬಹುದು.

ಇದರ ಗೊಡವೆ ನಮಗೇಕೆ ಎಂದು ಕೆಲವರು ಕೇಳಿಯಾರು. ನಮಗಾದ ಅನುಭವವನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಮಾಲು ಹೋದಾಗ ಕೈಗೆ ಸಿಕ್ಕಿದ್ದು ಮೂರನೆಯ ಕಾರ್ಬನ್ ಪ್ರತಿ. ಹದಿನೈದು ದಿನಕ್ಕೆ ಪಟ್ಟಿ ಬಂತು. ತೂಕ ಕಡಿಮೆ ಬಿತ್ತೆಂದೂ, ಹಣ್ಣು ದಾರಿಯಲ್ಲಿ ಮೆತ್ತಗಾಯಿತೆಂದೂ ಹಣ ಕಡಿದಿದ್ದರು. ನಮ್ಮ ಚೀಟಿ ತೆಗೆದು ನೋಡಿದರೆ ಅಂಕಿ ಮೂರೋ ಎಂಟೋ ತಿಳಿಯದು. ಅಂಕಿಗಳನ್ನು ದುಂಡಗೆ ಬರೆಯಿರೆಂದು ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ ನಾವೇ ಓದಲಾಗದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆವು! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮ ಪಾಲಿಗೇ ಬಂತು.

2007ರ ರಸ್ತೆ ಸಾಗಣೆ ಕಾಯದೆಯಂತೆ ಸಾಗಣೆದಾರನು ಕೊಡುವ ಸರಕಿನ ರಸೀದಿಯೇ ತೂಕಕ್ಕೆ ಮೊದಲ ಪುರಾವೆ. ಮಾಲು ಕೆಟ್ಟರೆ ಅಥವಾ ಕಳೆದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಕೊಡದೆ ದಾವೆ ಹೂಡಲು ಬಾರದು. ರಸೀದಿಯೇ ಇಲ್ಲದವನು ಯಾವ ದಿನದಿಂದ ಎಣಿಸಬೇಕು? ಮೊಬೈಲಿನ ದಾಖಲೆ ನಡೆಯುವುದೇ ಎಂಬ ಸಂಶಯವೂ ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯದೆ ಅದಕ್ಕೂ ಕಾಗದದ ಮಾನ್ಯತೆಯನ್ನು ಕೊಟ್ಟಿದೆ. ನಮ್ಮ ದ್ರಾಕ್ಷಿ ಹೋಗಿ ಮುಟ್ಟುವ ಯುರೋಪಿನಲ್ಲಿ ಇಂಥ ಸಾಗಣೆ ಚೀಟಿಯ ಒಪ್ಪಂದ 2008ರಲ್ಲಿ ಆಗಿ, 2011ರಿಂದ ಜಾರಿಯಲ್ಲಿದೆ.

ಹೀಗೆ ಹೊಸ ಪದ್ಧತಿಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇದರಲ್ಲಿ ಒಂದು ದೊಡ್ಡ ಕುಂದಿದೆ. ಕಂಟೇನರಿನ ಬಿಲ್ಟಿ ಹುಟ್ಟುವುದು ಪ್ಯಾಕ್ ಹೌಸಿನ ಬಾಗಿಲಲ್ಲಿ. ನಮ್ಮ ಮಾಲು ಕೈಬಿಡುವುದು ತೋಟದ ಬದುವಿನಲ್ಲಿ. ನಡುವಿನ ದಾರಿಗೆ ಲೆಕ್ಕವಿಲ್ಲ. ತಾಜಾ ಹಣ್ಣಿಗೆ ಜಿ.ಎಸ್.ಟಿ.ಯ ಇ-ವೇ ಬಿಲ್ಲೂ ಬೇಕಿಲ್ಲವಾದ್ದರಿಂದ ಸರಕಾರದ ಕಡೆಗೂ ಆ ದಾಖಲೆ ಇರುವುದಿಲ್ಲ. ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್ಟಿನಲ್ಲಿ ರಫ್ತಿನ ತೋಟಗಳಿಗೆ ನೋಂದಣಿ ಸಂಖ್ಯೆ ಉಂಟು. ಹಣ್ಣಿನಲ್ಲಿ ಔಷಧದ ಅಂಶ ಕಂಡರೆ ಆ ಸಂಖ್ಯೆ ಹಿಡಿದು ಯುರೋಪಿನಿಂದ ನಮ್ಮ ಬಳ್ಳಿಯವರೆಗೆ ಜಾಡು ಹಿಡಿಯಬಲ್ಲರು. ನಮ್ಮ ತೂಕ ಎಲ್ಲಿ ಕರಗಿತೆಂದು ನಾವು ಕೇಳಿದರೆ ಮಾತ್ರ ಜಾಡು ಸಿಗದು. ಇದು ಯಾವ ನ್ಯಾಯ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ತೂಕವನ್ನು ತೋಟದಲ್ಲಿಯೇ ಮಾಡಬೇಕು. ಬಿಲ್ಟಿ ಅಲ್ಲಿಂದಲೇ ಹೊರಡಬೇಕು. ಅದರಲ್ಲಿ ತೋಟದ ಸಂಖ್ಯೆ, ಕ್ರೇಟುಗಳ ಎಣಿಕೆ, ತೂಕ, ವೇಳೆ ಇರಬೇಕು. ಅದರ ಪ್ರತಿ ಬೆಳೆದವನ ಸ್ವಂತ ಮೊಬೈಲಿಗೆ ಬರಬೇಕು. ಮೊಬೈಲು ಇಲ್ಲದವರಿಗೆ, ರೇಂಜು ಸಿಗದ ತೋಟಗಳಿಗೆ ಕಾಗದದ ಪ್ರತಿಯೂ ಇರಲಿ. ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಅದು ಕಾಣುವಂತಾಗಲಿ. ಇದಕ್ಕೆ ಬೇರೆ ಬೇರೆ ಚೀಟಿಪುಸ್ತಕ ಅಚ್ಚು ಹಾಕಿಸುವ ಖರ್ಚೇನೂ ಇಲ್ಲ.

ನಮ್ಮ ಕಡೆಯಿಂದಲೂ ಎಚ್ಚರ ಬೇಕು. ಅಂದು ಓದದೆ ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಹೊಲ ಕಳೆದುಕೊಂಡರು. ಇಂದಿನ ಹೆಬ್ಬೆಟ್ಟು ಎಂದರೆ ಮೊಬೈಲಿಗೆ ಬರುವ ಓಟಿಪಿ. ತೂಕವನ್ನು ಓದಿ ನೋಡದೆ ಅದನ್ನು ಯಾರಿಗೂ ಹೇಳಬೇಡಿರಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ಇದ್ದರೆ ಅವರಿಂದ ಓದಿಸಿರಿ. ಕಂಟೇನರಿನ ನಂಬರೂ ಸಿಕ್ಕರೆ ಬರೆದಿಡಿರಿ. ಅದರಲ್ಲಿ ನಾಲ್ಕು ಅಕ್ಷರ, ಏಳು ಅಂಕಿ ಇರುತ್ತವೆ. ಕೊನೆಯ ಅಂಕಿ ಉಳಿದವುಗಳನ್ನು ತಾಳೆ ನೋಡಲೆಂದೇ ಇಟ್ಟದ್ದು.

ಒಬ್ಬೊಬ್ಬರೇ ಕೇಳಿದರೆ ವ್ಯಾಪಾರಿ ಮುಂದಿನ ತೋಟಕ್ಕೆ ನಡೆದಾನು. ಊರಿನ ದ್ರಾಕ್ಷಿ ಬೆಳೆಗಾರರೆಲ್ಲ ಒಟ್ಟಿಗೆ ಕೂತು, ಮೊದಲ ಕ್ರೇಟು ತುಂಬುವ ಮುನ್ನವೇ ಈ ಮಾತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.