ನಕಲನ್ನು ನೋಡಿದರೆ ನಷ್ಟವೇನು?

ಈಜಿಪ್ಟ್ ದೇಶದ ಲಕ್ಸರ್ ಪಟ್ಟಣದೆದುರು, ನೈಲ್ ನದಿಯ ಪಶ್ಚಿಮ ದಂಡೆಯ ಬೋಳು ಬೆಟ್ಟಗಳ ನಡುವೆ ‘ಅರಸರ ಕಣಿವೆ’ ಇದೆ. 1922ರಲ್ಲಿ ಹೊವರ್ಡ್ ಕಾರ್ಟರ್ ಎಂಬ ಆಂಗ್ಲ ಪುರಾತತ್ತ್ವಜ್ಞನು ಟುಟಂಖಾಮನ್ ದೊರೆಯ ಸಮಾಧಿಯನ್ನು ಕಂಡುಹಿಡಿದುದು ಇಲ್ಲಿಯೇ. ಕಣಿವೆಗೆ ಹೋಗುವ ದಾರಿಯಲ್ಲಿ, ಕಾರ್ಟರನು ವಾಸಿಸುತ್ತಿದ್ದ ಮನೆಯ ಬಳಿ, ಆ ಸಮಾಧಿಯ ಯಥಾವತ್ತಾದ ಪ್ರತಿಕೃತಿಯೊಂದನ್ನು 2014ರಲ್ಲಿ ತೆರೆದರು. ನಕಲನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ ಎಂದು ಮೂಗು ಮುರಿಯುವವರುಂಟು. ಈ ತಿರಸ್ಕಾರವು ವಿಚಾರಪೂರ್ವಕವಾದುದಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸುಮ್ಮನೆ ಕುಳಿತಿರುವ ಮನುಷ್ಯನೂ ಉಸಿರಿನ ಮೂಲಕ ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಆವಿಯ ರೂಪದಲ್ಲಿ ಹೊರಬಿಡುತ್ತಾನೆ; ಬಿಸಿಲಲ್ಲಿ ನಡೆದು ಬೆವರಿ ಬಂದವನು ಇನ್ನೂ ಹೆಚ್ಚು. ದಿನಕ್ಕೆ ಸಾವಿರ ಮಂದಿ ಕಾಲು ಕಾಲು ಗಂಟೆ ಸಮಾಧಿಯೊಳಗೆ ನಿಂತು ಹೋದರೆಂದು ಇಟ್ಟುಕೊಂಡರೆ, ಹನ್ನೆರಡು ಲೀಟರಿಗೂ ಮಿಕ್ಕ ನೀರು, ಎಂದರೆ ಒಂದು ಕೊಡದಷ್ಟು, ಅಲ್ಲಿನ ಗಾಳಿಗೆ ಸೇರಿತು. ಚಿತ್ರಗಳಿರುವ ಕೋಣೆಯಾದರೋ ಸುಮಾರು ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ ಮಾತ್ರ.

ತೇವಕ್ಕಿಂತ ಹೆಚ್ಚಿನ ಶತ್ರು ಉಪ್ಪು. ಆ ಬೆಟ್ಟಗಳ ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಅಡುಗೆಯ ಉಪ್ಪೇ ಅಡಗಿದೆ. ತೇವವಾದಾಗ ಅದು ಕರಗಿ ಗಾರೆಯ ಕಡೆಗೆ ಸರಿಯುತ್ತದೆ, ಒಣಗಿದಾಗ ಹರಳುಗಟ್ಟುತ್ತದೆ. ಬೆಳೆಯುವ ಹರಳು ಬಂಡೆಗೂ ಗಾರೆಗೂ ನಡುವೆ ಬೆಣೆಯಂತೆ ಹೊಕ್ಕು, ಚಿತ್ರಸಹಿತವಾದ ಗಾರೆಯನ್ನು ಹೊರಕ್ಕೆ ನೂಕುತ್ತದೆ. ಎರಡನೆಯ ರಾಮ್ಸೆಸ್‌ನ ರಾಣಿ ನೆಫರ್ತಾರಿಯ ಸಮಾಧಿಯು 1904ರಲ್ಲಿ ಪತ್ತೆಯಾದಾಗಲೇ ಈ ಬಾಧೆಗೆ ತುತ್ತಾಗಿತ್ತು. 1986ರಿಂದ 1992ರವರೆಗೆ ತಜ್ಞರು ದುಡಿದು ಅದನ್ನು ಉಳಿಸಿದರು. 1995ರಲ್ಲಿ ತೆರೆದಾಗ ದಿನಕ್ಕೆ 150 ಮಂದಿಗೆ ಮಾತ್ರ ಪ್ರವೇಶವಿತ್ತು.

ಹಾಗೆಂದು ಎಲ್ಲ ಅಪರಾಧವನ್ನೂ ಪ್ರವಾಸಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಟುಟಂಖಾಮನ್‌ನ ಗೋಡೆಗಳ ಮೇಲಿನ ಕಂದು ಚುಕ್ಕೆಗಳು ಜನರ ಉಸಿರಿನಿಂದ ಹಬ್ಬುತ್ತಿವೆಯೆಂಬ ಭಯ ಬಹುಕಾಲವಿತ್ತು. ಅವನ್ನು 1920ರ ದಶಕದ ಛಾಯಾಚಿತ್ರಗಳೊಡನೆ ಹೋಲಿಸಿ ನೋಡಿದಾಗ ಅವು ಬೆಳೆದಿಲ್ಲವೆಂದು ತಿಳಿದುಬಂದಿತು. ಸೂಕ್ಷ್ಮಜೀವಿಗಳಿಂದಾದ ಕಲೆಗಳು ಅವು. ಆ ಜೀವಿಗಳು ಸತ್ತು ಹೋಗಿವೆ. ಆದರೆ ಪಾದರಕ್ಷೆಗಳಿಂದ, ಬಟ್ಟೆಗಳಿಂದ ಉದುರುವ ಧೂಳಿನ ವಿಷಯದಲ್ಲಿ ಇಂಥ ಸಮಾಧಾನವಿಲ್ಲ. ಗೋಡೆಗೆ ಅಂಟಿದ ಧೂಳನ್ನು ಒರೆಸಿದ ಪ್ರತಿ ಸಲವೂ ಬಣ್ಣಕ್ಕೆ ಅಪಾಯವುಂಟು.

ಇನ್ನು ನಕಲಿನ ಮಾತು. ಇದು ಹೊಸ ಆಲೋಚನೆಯಲ್ಲ. 1817ರಲ್ಲಿ ಮೊದಲನೆಯ ಸೇತಿಯ ಸಮಾಧಿಯನ್ನು ಹೊಕ್ಕ ಬೆಲ್ಜೋನಿಯು ಅಲ್ಲಿನ ಉಬ್ಬುಚಿತ್ರಗಳಿಗೆ ಮೇಣ ಮೆತ್ತಿ ಅಚ್ಚು ತೆಗೆದು, 1821ರಲ್ಲಿ ಲಂಡನ್ನಿನಲ್ಲಿ ಪ್ರತಿಕೃತಿಯನ್ನು ಪ್ರದರ್ಶಿಸಿದನು. ಲಂಡನ್ನಿನ ಜನ ಬೆರಗಾದರು. ಇತ್ತ ಅಚ್ಚಿನೊಡನೆ ಗೋಡೆಯ ಬಣ್ಣವೂ ಕಿತ್ತುಬಂದಿತ್ತು! ಇಂದಿನ ವಿಧಾನದಲ್ಲಿ ಗೋಡೆಯನ್ನು ಮುಟ್ಟುವುದೇ ಇಲ್ಲ. ಲೇಸರ್ ಕಿರಣವನ್ನು ಹಾಯಿಸಿ, ಚದರ ಮೀಟರಿಗೆ ಸುಮಾರು 10 ಕೋಟಿ ಬಿಂದುಗಳಂತೆ ಗೋಡೆಯ ಏರುತಗ್ಗುಗಳನ್ನು ಅಳೆದು, ಬಣ್ಣಗಳನ್ನು ಬೇರೆಯಾಗಿ ಛಾಯಾಚಿತ್ರದಲ್ಲಿ ಹಿಡಿಯುತ್ತಾರೆ.

ಈ ನಕಲಿನ ಬಳಿ ಅಸಲಿನಲ್ಲಿಲ್ಲದ ವಸ್ತುವೊಂದು ಇದೆಯೆಂಬುದು ವಾಚಕರಿಗೆ ವಿಚಿತ್ರವೆನಿಸಬಹುದು. ಚಿನ್ನದ ಹೊದಿಕೆಯ ಮಂಟಪಗಳನ್ನು ಹೊರತರುವುದಕ್ಕಾಗಿ ಕಾರ್ಟರನು ಚಿತ್ರವಿದ್ದ ನಡುಗೋಡೆಯ ಭಾಗವೊಂದನ್ನು ಒಡೆಯಿಸಿದ್ದನು. ಆ ಕಾಲದಲ್ಲಿ ಹ್ಯಾರಿ ಬರ್ಟನ್ ತೆಗೆದ ಛಾಯಾಚಿತ್ರದಿಂದ ಆ ಭಾಗವನ್ನು ಪುನಃ ರಚಿಸಿ ಇಲ್ಲಿ ಇರಿಸಿದ್ದಾರೆ. ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳಾದರೋ ಕೈರೋ ಕಡೆಗೆ ಸಾಗಿ ಎಷ್ಟೋ ಕಾಲವಾಯಿತು. ಗೋಡೆಯ ಚಿತ್ರಗಳನ್ನು ಅರಿಯಬೇಕೆಂಬ ವಿದ್ಯಾರ್ಥಿಗೆ, ನೂಕುನುಗ್ಗಲಿನ ಅಸಲಿಗಿಂತ ಬಿಡುವಾಗಿ ನಿಂತು ನೋಡಬಹುದಾದ ನಕಲೇ ಮೇಲಲ್ಲವೆ?

‘ಮೂಲಸ್ಥಳದ ಮಹಿಮೆ ನಕಲಿಗೆಲ್ಲಿಯದು?’ ಎಂಬ ಆಕ್ಷೇಪವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಅಬು ಸಿಂಬೆಲ್‌ಗೆ ಹೋಗಿ ಮೈಮರೆಯುವ ಪ್ರವಾಸಿಯು ಇದನ್ನೂ ನೆನೆಯಲಿ: ಆಸ್ವಾನ್ ಅಣೆಕಟ್ಟಿನ ನೀರಿನಿಂದ ಪಾರುಮಾಡಲು ಆ ದೇವಾಲಯಗಳನ್ನು 1964ರಿಂದ 1968ರವರೆಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲೆ ಮರಳಿ ಜೋಡಿಸಲಾಯಿತು. ಅದರ ಹಿಂದಿನ ಗುಡ್ಡದೊಳಗೆ ಇರುವುದು ಕಾಂಕ್ರೀಟಿನ ಗುಮ್ಮಟ. ಫ್ರಾನ್ಸಿನಲ್ಲಿ ಲಾಸ್ಕೋ ಗುಹೆಯ ಚಿತ್ರಗಳಿಗೆ ಪಾಚಿ ಹಿಡಿದುದರಿಂದ 1963ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು. 1983ರಿಂದ ಜನರು ನೋಡುತ್ತಿರುವುದು ಪ್ರತಿಕೃತಿಯನ್ನು.

ಈಜಿಪ್ಟಿನಲ್ಲಿಯೂ ಹಾಗೆಯೇ ಬಾಗಿಲು ಹಾಕಬೇಕೆಂದು ನಾವು ಹೇಳುವುದಿಲ್ಲ. ಲಕ್ಸರಿನ ದೋಣಿಯವರ, ಮಾರ್ಗದರ್ಶಿಗಳ ಒಲೆ ಉರಿಯುವುದು ಪ್ರವಾಸಿಗಳಿಂದ. ದುರಸ್ತಿಯ ವೆಚ್ಚಕ್ಕೂ ಆ ಹಣ ಬೇಕು. ನಮಗೆ ಒಪ್ಪಿಗೆಯಾಗದಿರುವುದು ಮಿತಗೊಳಿಸುವ ಕ್ರಮ. ಸೇತಿಯ ಸಮಾಧಿಗೆ ಸಾಮಾನ್ಯ ದರಕ್ಕಿಂತ ಬಹಳ ಹೆಚ್ಚಿನ ಪ್ರತ್ಯೇಕ ಟಿಕೆಟ್ಟು ಇಟ್ಟಿದ್ದಾರೆ. ಹಣವಂತನ ಉಸಿರಿನಲ್ಲಿ ತೇವವು ಕಡಿಮೆಯಿರುವುದಿಲ್ಲವಷ್ಟೆ! ದಿನಕ್ಕೆ ಇಷ್ಟು ಮಂದಿಯೆಂದು ಗಾಳಿಯ ತೇವವನ್ನು ಅಳೆದು ಗೊತ್ತುಮಾಡಲಿ. ಬಯಸಿದವರೆಲ್ಲರ ಹೆಸರು ಬರೆದುಕೊಂಡು ಚೀಟಿಯೆತ್ತಿ ಒಳಗೆ ಬಿಡಲಿ. ಉಳಿದವರಿಗೆ ಪ್ರತಿಕೃತಿಯ ಬಾಗಿಲು ಅಲ್ಪ ದರದಲ್ಲಿ ತೆರೆದಿರಲಿ.