ಸೆನ್ಸರ್ ಇರುವುದು ಪೆಟ್ಟಿಗೆಗೆ, ಕೈಗಲ್ಲ

ಮೆಲ್ಬರ್ನಿನ ಪಶ್ಚಿಮಕ್ಕಿರುವ ಟ್ರುಗನಿನಾದ ಗೋದಾಮುಗಳಿಗೆ ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು.

ಕನ್ವೇಯರ್ ಪಕ್ಕದ ಫೋಟೋಎಲೆಕ್ಟ್ರಿಕ್ ಸೆನ್ಸರ್ ಬೆಳಕಿನ ಕಿರಣ ಬಿಟ್ಟು, ಅಡ್ಡ ಬಂದ ಪೆಟ್ಟಿಗೆಯನ್ನು ಗುರುತಿಸುತ್ತದೆ. ಅದರ ಸಿಗ್ನಲ್ ಓದುವ ಪ್ರೋಗ್ರಾಮ್ ಬರೆಯುವವನಾಗಿ ಹೇಳುತ್ತೇನೆ: ನಿಮ್ಮ ಕೈ ಅಡ್ಡ ಬಂದರೆ ಅದನ್ನೂ ಇನ್ನೊಂದು ಪೆಟ್ಟಿಗೆ ಎಂದೇ ಎಣಿಸಬಹುದು, ಬೆಲ್ಟ್ ನಿಲ್ಲಲಿಕ್ಕಿಲ್ಲ. ಲೆನ್ಸ್ ಮೇಲೆ ಧೂಳು ಕೂತರಂತೂ ಲೆಕ್ಕವೇ ತಪ್ಪುತ್ತದೆ. ಮನುಷ್ಯರ ರಕ್ಷಣೆಗೆ 'ಲೈಟ್ ಕರ್ಟನ್' ಎಂಬ ಬೇರೆಯೇ ಸಾಧನವಿದೆ. ತನ್ನಲ್ಲೇ ದೋಷ ಕಂಡರೂ ಅದು ಯಂತ್ರವನ್ನು ನಿಲ್ಲಿಸುತ್ತದೆ.

ಆದ್ದರಿಂದ ಪೆಟ್ಟಿಗೆ ಸಿಕ್ಕಿಕೊಂಡರೆ ಕೈ ಹಾಕಬೇಡಿ, ಸೂಪರ್‌ವೈಸರನ್ನು ಕರೆಯಿರಿ. ವಿಕ್ಟೋರಿಯಾದ 2004ರ ಔದ್ಯೋಗಿಕ ಸುರಕ್ಷತಾ ಕಾಯ್ದೆಯಂತೆ ತರಬೇತಿ ಕೊಡುವುದು ಮಾಲೀಕರ ಹೊಣೆ. ಕೇಳಲು ಸಂಕೋಚ ಬೇಡ. ಕೆಲಸ ಇನ್ನೊಂದು ಸಿಕ್ಕೀತು, ಬೆರಳು ಸಿಗದು.